ದೊಡ್ಡತಾತನ ಎಡೆ

ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಹಿರಿಯರಿಗೆಲ್ಲ ಎಡೆ ಇಡುತ್ತಿದ್ದರು, ಒಬ್ಬರಿಗೆ ಬಿಟ್ಟು. ಅವರು ನನ್ನ ತಾತನ ಅಣ್ಣ, ಮೈಸೂರು ಇನ್‌ಫೆಂಟ್ರಿಯ ಸಿಪಾಯಿ. ಸಿಂಗಪುರಕ್ಕೆ ಹೋದವರು ತಿರುಗಿ ಬರಲಿಲ್ಲ. "ಮುಖ ನೋಡ್ದೆ ಹೆಂಗೆ ಎಡೆ ಇಡೋದು, ಬದುಕಿರೋ ಮಗನಿಗೆ ಇಟ್ಟಂಗಾಗಲ್ವಾ" ಅಂತ ಮುತ್ತಜ್ಜಿ ತಡೆದಿದ್ದಳಂತೆ. ಅವಳು ತೀರಿಕೊಂಡ ಮೇಲೂ ಯಾರೂ ಆ ಮಾತು ಮೀರಲಿಲ್ಲ. ಎಂಬತ್ತು ವರ್ಷ ದೊಡ್ಡತಾತ ಇರುವವರ ಲೆಕ್ಕಕ್ಕೂ ಸೇರಲಿಲ್ಲ, ಹೋದವರ ಲೆಕ್ಕಕ್ಕೂ ಸೇರಲಿಲ್ಲ. ತಾತ ತೀರಿಕೊಂಡ ವರ್ಷ ಅವರಿಗೆ ಎಡೆ ಇಡುವಾಗ ಪಕ್ಕದ ಖಾಲಿ ಜಾಗ ನೋಡಿ ನನಗೆ ತಡೆಯಲಾಗಲಿಲ್ಲ.

ಮೊದಲು ಹುಡುಕಿದ್ದೇ ತಪ್ಪು ಜಾಗದಲ್ಲಿ. ನಮ್ಮ ಮನೆ ಮುನಿರೆಡ್ಡಿಪಾಳ್ಯದಲ್ಲಿ. ಹತ್ತಿರದ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಕಲ್ಲುಕಂಬವಿದೆ. ನಾನು ಚಿಕ್ಕವನಿದ್ದಾಗ ತಾತ ಅದರ ಮುಂದೆ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು, ಹಾಗಾಗಿ ಅಣ್ಣನ ಹೆಸರು ಅಲ್ಲಿದೆ ಅಂತಲೇ ನಾನು ನಂಬಿದ್ದೆ. ದೊಡ್ಡವನಾದ ಮೇಲೆ ಹೋಗಿ ಒಂದೊಂದೇ ಹೆಸರು ಓದಿದೆ. ಅವರೆಲ್ಲ ಮೊದಲನೇ ಮಹಾಯುದ್ಧದವರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕುದುರೆ ಪಡೆಯಲ್ಲಿ ನಮ್ಮ ಲ್ಯಾನ್ಸರ್ಸ್ ಇದ್ದರು, ಈಗಲೂ ಆ ದಿನ ಅಲ್ಲಿ ಹೂವಿಡುತ್ತಾರೆ. ಅಣ್ಣನಿಗೆ ಬೇರೆ ಕಲ್ಲಿಲ್ಲ ಅಂತ ತಾತ ಆ ಕಲ್ಲಿಗೇ ಕೈಮುಗಿದಿದ್ದರು.

ಆಮೇಲೆ ಟ್ರಂಕು ತೆಗೆದೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಮೊದಲು ಮಾಡಬೇಕಾದ ಕೆಲಸ ಇದೇ. ಫೋಟೊ, ಪದಕ ಆಮೇಲೆ ನೋಡಿ. ಮೊದಲು ಪಿಂಚಣಿ ಕಾಗದ ಹುಡುಕಿ. ಮುತ್ತಜ್ಜಿಗೆ ಬರುತ್ತಿದ್ದ ಪಿಂಚಣಿಯ ಹಳದಿ ಹಾಳೆಯ ಮೂಲೆಯಲ್ಲಿ ದೊಡ್ಡತಾತನ ಸೈನ್ಯದ ನಂಬರ್ ಇತ್ತು. ಅದಿಲ್ಲದೆ ನಾನು ಮುಂದೆ ಹೋಗುತ್ತಲೇ ಇರಲಿಲ್ಲ. ಅದಕ್ಕೂ ಮುಂಚೆ ಎರಡು ಕಚೇರಿಗೆ ಅಲೆದು ಬರಿಗೈಲಿ ಬಂದಿದ್ದೆ.

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಪಟ್ಟಿ ಇಟ್ಟಿದೆ, ಮನೆಯಲ್ಲೇ ಕೂತು ಪುಕ್ಕಟೆ ಹುಡುಕಬಹುದು. ಅದರಲ್ಲಿ ಸಂಸ್ಥಾನಗಳ ಸೈನಿಕರೂ ಇದ್ದಾರೆ. ತೊಂದರೆ ಕೊಡುವುದು ಹೆಸರು. ನಮ್ಮ 'ಅಯ್ಯ', 'ಅಪ್ಪ'ಗಳನ್ನು ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಬರೆದಿದ್ದಾರೆ. ಕೊನೆಗೆ ಒಂದು 'ಎಚ್' ಸೇರಿರುತ್ತದೆ, ನಡುವೆ ಒಂದಕ್ಷರ ಹಾರಿರುತ್ತದೆ. ಮೂರು ರಾತ್ರಿ ಹೆಸರನ್ನು ಬೇರೆ ಬೇರೆ ಥರ ಬರೆದು ನೋಡಿದೆ, ಸಿಗಲಿಲ್ಲ. ಕೊನೆಗೆ ನಂಬರ್ ಮಾತ್ರ ಹಾಕಿದಾಗ ಸಿಕ್ಕಿತು. ಅಪ್ಪನ ಹೆಸರು ಸರಿ, ಊರಿನ ಹೆಸರು ಅರ್ಧ ಸರಿ, ಸತ್ತ ವರ್ಷ 1943. ಹೆಸರು ಕೆತ್ತಿರುವುದು ಸಿಂಗಪುರದ ಕ್ರಾಂಜಿಯ ಸ್ಮಾರಕದಲ್ಲಿ, ಸಮಾಧಿ ಇಲ್ಲದ 24,000ಕ್ಕೂ ಹೆಚ್ಚು ಜನರ ಜೊತೆ.

ಸಮಾಧಿ ಯಾಕಿಲ್ಲ ಅನ್ನುವುದು ತಾತನಿಗೆ ಗೊತ್ತಿತ್ತು. 1946ರಲ್ಲಿ ಅದೇ ಪಟಾಲಮ್ಮಿನ ಒಬ್ಬರು ಮನೆ ಹುಡುಕಿಕೊಂಡು ಬಂದು, ಮುತ್ತಜ್ಜಿಗೆ ಹೇಳಲಾರದೆ, ಆಗ ಹದಿನಾರರ ಹುಡುಗನಾಗಿದ್ದ ತಾತನನ್ನು ಹೊರಗೆ ಕರೆದು ಹೇಳಿದರಂತೆ. "ಹಡಗಿನ ಹೊಟ್ಟೇಲಿ ಕೂಡಿಹಾಕಿದ್ರು. ಬೇಧಿ ಆಗಿತ್ತು. ನೀರು ನೀರು ಅಂತಿದ್ದ. ಬೆಳಗಾಗೋ ಹೊತ್ತಿಗೆ ಗೋಣಿಲಿ ಸುತ್ತಿ ಸಮುದ್ರಕ್ಕೆ ಬಿಟ್ವಿ." ತಾತ ಇದನ್ನು ಅಮ್ಮನಿಗೆ ಕೊನೆಯವರೆಗೂ ಹೇಳಲಿಲ್ಲ. ನನಗೆ ಹೇಳಿದ್ದೂ ಒಂದೇ ಸಲ.

ಆ ಮಾತಿನ ಹಿಂದಿದ್ದದ್ದು ಓದಿದ ಮೇಲೆ ತಿಳಿಯಿತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಶರಣಾದವರಲ್ಲಿ ಮೈಸೂರಿನ ಈ ಪಟಾಲಮ್ಮೂ ಇತ್ತು. ಎರಡು ದಿನ ಬಿಟ್ಟು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಭಾರತೀಯ ಸೈನಿಕರನ್ನು ಜಪಾನೀಯರಿಗೆ ಒಪ್ಪಿಸಿದರು. ಬಹಳ ಜನ ಐಎನ್‌ಎ, ಅಂದರೆ ಜಪಾನಿನ ಜೊತೆ ನಿಂತು ಬ್ರಿಟಿಷರ ವಿರುದ್ಧ ಹೋರಾಡಿದ ಆಜಾದ್ ಹಿಂದ್ ಫೌಜ್, ಸೇರಿದರು. ಸೇರದೆ ಉಳಿದವರಲ್ಲಿ ಸಾವಿರಾರು ಜನರನ್ನು ನ್ಯೂ ಗಿನಿ, ನ್ಯೂ ಬ್ರಿಟನ್ ಕಡೆ ಕೂಲಿಗೆ ಸಾಗಿಸಿದರು. ಹಡಗಿನಲ್ಲಿ ಸರಕು ತುಂಬುವ ಕತ್ತಲೆ ಅಂಕಣದಲ್ಲಿ ಜನ, ಸೆಕೆ, ಕುಡಿಯುವ ನೀರಿಗೆ ಬರ. ಒಳಗೆ ಸೆರೆಯಾಳುಗಳಿದ್ದಾರೆ ಅನ್ನುವ ಗುರುತು ಹೊರಗೆ ಇರುತ್ತಿರಲಿಲ್ಲ, ಹಾಗಾಗಿ ಮಿತ್ರರಾಷ್ಟ್ರಗಳ ಸಬ್‌ಮೆರೀನ್‌ಗಳು ಈ ಹಡಗುಗಳಿಗೂ ಗುರಿಯಿಟ್ಟವು. 1943ರ ಜನವರಿ 26ರಂದು ಅಮೆರಿಕದ ಸಬ್‌ಮೆರೀನ್ 'ವಾಹೂ' ಮುಳುಗಿಸಿದ 'ಬುಯೊ ಮಾರು' ಹಡಗಿನಲ್ಲಿ 491 ಭಾರತೀಯ ಸೆರೆಯಾಳುಗಳಿದ್ದರು, 195 ಜನ ಸತ್ತರು. ಐಎನ್‌ಎ ಸೇರಿದವರನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಈ ಹಡಗುಗಳಲ್ಲಿ ಹೋದವರೂ ನಮ್ಮ ಕೇರಿಗಳಿಂದಲೇ ಹೋದವರು ಅನ್ನುವುದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ.

ಸಿಂಗಪುರದಲ್ಲಿ ಕೆಲಸಕ್ಕಿರುವ ನನ್ನ ಚಿಕ್ಕಮ್ಮನ ಮಗಳು ಕ್ರಾಂಜಿಗೆ ಹೋಗಿಬಂದಳು. ಪಟ್ಟಿಯಲ್ಲಿದ್ದ ಕಂಬದ ನಂಬರ್ ಕಳಿಸಿದ್ದೆ. ಗೋಡೆಯಲ್ಲಿ ಪಟಾಲಮ್ಮು, ಅದರೊಳಗೆ ದರ್ಜೆ, ಅದರೊಳಗೆ ಅಕ್ಷರದ ಸಾಲು, ಹಾಗೆ ನೋಡಿದರೆ ಸಿಗುತ್ತದೆ. ದಹನವಾದ ಸುಮಾರು 800 ಜನರಿಗೆ, ಹೆಚ್ಚಾಗಿ ನಮ್ಮ ದೇಶದವರಿಗೆ, ಅಲ್ಲೇ ಬೇರೆ ಸ್ಮಾರಕವಿದೆಯಂತೆ. ಅವರಿಗೆ ಬೆಂಕಿಯಾದರೂ ಸಿಕ್ಕಿತ್ತು. ಹೆಸರಿನ ಮೇಲೆ ಬೆರಳಿಟ್ಟು ಫೋಟೊ ಕಳಿಸಿದಳು.

ಅದನ್ನು ಚಿಕ್ಕಜ್ಜಿಗೆ ತೋರಿಸಿದೆ. ತಾತನ ತಂಗಿ, ತೊಂಬತ್ತು ದಾಟಿದೆ. ಅಣ್ಣ ಹೋಗುವಾಗ ಆರೇಳು ವರ್ಷದವಳು. ಇಂಗ್ಲಿಷ್ ಬರುವುದಿಲ್ಲ, ಆದರೂ ಆ ಅಕ್ಷರಗಳ ಮೇಲೆ ಎರಡು ಸಲ ಕೈಯಾಡಿಸಿದಳು. ಎಡೆ ಯಾವತ್ತು ಇಡುವುದು ಅನ್ನುವ ಮಾತು ಬಂತು. ಪುರೋಹಿತರನ್ನು ಕೇಳಿದರೆ, ಆಯುಧದಿಂದ ಸತ್ತವರಿಗೆ ಹಿಂದಿನ ದಿನದ ಚತುರ್ದಶಿ, ತಿಥಿ ತಿಳಿಯದವರಿಗೆ ಅಮಾವಾಸ್ಯೆ ಅಂದರು. "ಅಣ್ಣ ಒಬ್ನೇ ಇದ್ದಿದ್ದು ಸಾಕು. ಎಲ್ಲರ ಜೊತೆ ಅಮಾವಾಸ್ಯೆಗೇ ಇಡು" ಅಂದಳು ಚಿಕ್ಕಜ್ಜಿ.

ಹೋದ ಅಮಾವಾಸ್ಯೆಗೆ ಹೊಸ ಪಂಚೆ ತಂದು, ಫೋಟೊ ಪ್ರಿಂಟ್ ಹಾಕಿಸಿ ಗೋಡೆಗೆ ಒರಗಿಸಿ, ತಾತನ ಎಲೆಯ ಬಲಕ್ಕೆ ಒಂದೆಲೆ ಹಾಕಿದೆವು. ನಾನು ಅನ್ನ ಬಡಿಸಲು ಬಗ್ಗಿದೆ. ಚಿಕ್ಕಜ್ಜಿ ನನ್ನ ಕೈ ಹಿಡಿದಳು. "ಅದು ಆಮೇಲೆ. ಮೊದ್ಲು ನೀರಿಡು" ಅಂದಳು. ದೊಡ್ಡ ಹಿತ್ತಾಳೆ ಚೊಂಬು ತುಂಬಾ ನೀರು ತಂದು ಎಲೆಯ ಪಕ್ಕ ಇಟ್ಟೆ.