ಈರುಳ್ಳಿ ಬೇರಿನಲ್ಲಿ ಕೋಶ ವಿಭಜನೆ ನೋಡಬೇಕಾ? ತುದಿಯ ಎರಡು ಮಿಲಿಮೀಟರ್ ಸಾಕು

ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಅಂತ ಕೋಶ ವಿಭಜನೆಯ ಹಂತಗಳನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ. ಅವರಲ್ಲಿ ಒಂದು ಅನಾಫೇಸನ್ನಾದರೂ ಕಣ್ಣಾರೆ ನೋಡಿದವರು ಕಡಿಮೆ. ಸ್ಲೈಡ್ ಮಾಡಿ, ಉದ್ದುದ್ದ ಕೋಶಗಳನ್ನಷ್ಟೇ ನೋಡಿ, ಏನೂ ಕಾಣಿಸ್ತಿಲ್ಲ ಅಂತ ಪುಸ್ತಕದ ಚಿತ್ರವನ್ನೇ ರೆಕಾರ್ಡಿಗೆ ಇಳಿಸುವವರನ್ನು ತುಂಬ ನೋಡಿದ್ದೇನೆ. ಸಾಮಾನ್ಯವಾಗಿ ತಪ್ಪು ಮೈಕ್ರೋಸ್ಕೋಪಿನದಲ್ಲ. ಬೇರಿನ ಯಾವ ಭಾಗ ತೆಗೆದುಕೊಂಡಿರಿ, ಹೇಗೆ ಒತ್ತಿದಿರಿ, ಕೆಡುವುದೆಲ್ಲ ಇಲ್ಲೇ.

ಬೇರು ಬೆಳೆಸುವುದು ಸುಲಭ. ಈರುಳ್ಳಿಯ ಒಣ ಬೇರು ಕೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಬಾಯಿಗೆ ಕೂರಿಸಿ. ಕೆಲವು ದಿನಗಳಲ್ಲಿ ಒಂದೆರಡು ಸೆಂಟಿಮೀಟರ್ ಬರುತ್ತದೆ.

ಬೆಳಿಗ್ಗೆ ಕತ್ತರಿಸಿ, ತಕ್ಷಣ ಫಿಕ್ಸೇಟಿವ್‌ಗೆ ಹಾಕಿ: 3 ಪಾಲು ಎಥನಾಲ್, 1 ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲ, 24 ಗಂಟೆ. ಕೋಶ ಯಾವ ಹಂತದಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಇದನ್ನು ಬಿಟ್ಟು ಹಸಿ ಬೇರಿಗೇ ಬಣ್ಣ ಹಾಕುವವರಿದ್ದಾರೆ. ಟೈಮ್ ಉಳಿಯುತ್ತದೆ, ಆದರೆ ಚಿತ್ರ ಮಸುಕು. ನನ್ನ ಮಾತು ಕೇಳಿ, ಒಂದು ದಿನ ಕಾಯಿರಿ.

ಆಮೇಲೆ 60 ಡಿಗ್ರಿ ಸೆಲ್ಸಿಯಸ್‌ನ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 5ರಿಂದ 10 ನಿಮಿಷ. ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಸಡಿಲವಾಗುವುದು ಇಲ್ಲಿ. ಇದು ಕಡಿಮೆಯಾದರೆ ಮುಂದೆ ಎಷ್ಟು ಒತ್ತಿದರೂ ಕೋಶ ಬಿಡಿಯಾಗುವುದಿಲ್ಲ. ಕೈಗವಸು, ಕನ್ನಡಕ ಹಾಕದೆ ಆಮ್ಲ ಮುಟ್ಟಬೇಡಿ. ನೀರಿನಲ್ಲಿ ತೊಳೆದು, ಸ್ಲೈಡಿನ ಮೇಲಿಟ್ಟು ಅಸಿಟೋಕಾರ್ಮೈನ್ ಎಂಬ ಬಣ್ಣ ಹಾಕಿ. ಅದು ಹಳೆಯದಾಗಿ ತಳದಲ್ಲಿ ಕಣ ಕೂತಿದ್ದರೆ ಸೋಸಿ, ಇಲ್ಲದಿದ್ದರೆ ಆ ಕಣಗಳನ್ನೇ ವರ್ಣತಂತು ಅಂದುಕೊಳ್ಳುತ್ತೀರಿ. ಸ್ಲೈಡನ್ನು ಸ್ಪಿರಿಟ್ ದೀಪದ ಮೇಲೆ ಆಡಿಸಿ ಬೆಚ್ಚಗೆ ಮಾಡಿ, ಕುದಿಯಬಾರದು. ಎಥನಾಲ್ ಬಾಟಲಿ ಹತ್ತಿರ ಇರಲೇಬಾರದು.

ಈಗ ಗಮನಿಸಿ. ಬಣ್ಣ ಹಿಡಿದ ಬೇರಿನಲ್ಲಿ ತುದಿ ಮಾತ್ರ ಗಾಢವಾಗಿರುತ್ತದೆ. ಒತ್ತೊತ್ತಾದ ಪುಟ್ಟ ಕೋಶಗಳು, ಒಂದೊಂದರಲ್ಲೂ ದೊಡ್ಡ ನ್ಯೂಕ್ಲಿಯಸ್, ಅದಕ್ಕೇ ಆ ಬಣ್ಣ. ಆ ಒಂದೆರಡು ಮಿಲಿಮೀಟರ್ ಇಟ್ಟುಕೊಂಡು ಉಳಿದದ್ದನ್ನು ಎಸೆಯಿರಿ. ಎಸೆಯೋಕೆ ಮನಸ್ಸು ಬಾರದೆ ಅರ್ಧ ಸೆಂಟಿಮೀಟರ್ ಉಳಿಸಿಕೊಳ್ಳುವವರೇ ಜಾಸ್ತಿ. ಮೇಲಿನ ಭಾಗದ ಕೋಶಗಳು ವಿಭಜನೆ ಮುಗಿಸಿ ಉದ್ದವಾಗುತ್ತಿರುತ್ತವೆ, ಅಲ್ಲಿ ಹುಡುಕಿ ಪ್ರಯೋಜನವಿಲ್ಲ.

ತುದಿಯ ಮೇಲೆ ಒಂದು ಹನಿ ಬಣ್ಣ. ಕವರ್‌ಸ್ಲಿಪ್ಪನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ಇಳಿಸಿ, ಗುಳ್ಳೆ ಸಿಕ್ಕಿಕೊಳ್ಳುವುದಿಲ್ಲ. ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಮೆತ್ತಗೆ ತಟ್ಟಿ, ಬೇರು ಮೋಡದ ಹಾಗೆ ಹರಡುವವರೆಗೆ. ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಕವರ್‌ಸ್ಲಿಪ್ ಕೂದಲೆಳೆಯಷ್ಟೂ ಜಾರಬಾರದು. ಜಾರಿದರೆ ಕೋಶಗಳು ಹರಿದು ಸುರುಳಿಯಾಗುತ್ತವೆ, ಆ ಸ್ಲೈಡ್ ಬಿಟ್ಟು ಹೊಸ ತುದಿ ತೆಗೆದುಕೊಳ್ಳಿ. ರೆಡಿ ಸ್ಲೈಡ್ ಇದೆಯಲ್ಲ ಅಂತೀರಾ? ಬಣ್ಣ ಮಾಸಿದ ರೆಡಿ ಸ್ಲೈಡುಗಳೇ ಕಣ್ಣಿಗೆ ಬಿದ್ದಿರುವುದರಿಂದ ನಾನು ಅವನ್ನು ಯಾರಿಗೂ ಹೇಳುವುದಿಲ್ಲ.

ಮೈಕ್ರೋಸ್ಕೋಪಿನ 10ಎಕ್ಸ್ ಲೆನ್ಸ್‌ನಲ್ಲಿ ಚೌಕ ಕೋಶಗಳ ಗುಂಪು ಹುಡುಕಿ, ಆಮೇಲೆ 40ಎಕ್ಸ್‌ಗೆ ಹೋಗಿ. ಹೆಚ್ಚಿನವು ಎರಡು ವಿಭಜನೆಗಳ ನಡುವಿನ ಹಂತವಾದ ಇಂಟರ್‌ಫೇಸ್‌ನಲ್ಲೇ ಇರುತ್ತವೆ, ಗುಂಡಗಿನ ನ್ಯೂಕ್ಲಿಯಸ್ ಮಾತ್ರ ಕಾಣುತ್ತದೆ. ಬೇಜಾರಾಗಬೇಡಿ. ಕೋಶಚಕ್ರದ ಬಹುಪಾಲು ಸಮಯ ಇದೇ. ಇದರಲ್ಲಿ ಮೂರು ಭಾಗ: ಜಿ1ರಲ್ಲಿ ಕೋಶ ಬೆಳೆಯುತ್ತದೆ, ಎಸ್‌ನಲ್ಲಿ ಡಿಎನ್‌ಎ ಎರಡಾಗುತ್ತದೆ, ಜಿ2ರಲ್ಲಿ ತಯಾರಿ. ಈ ಮೂರನ್ನೂ ಸ್ಲೈಡಿನಲ್ಲಿ ಬೇರೆ ಬೇರೆ ಗುರುತಿಸಲಾಗುವುದಿಲ್ಲ.

ವರ್ಣತಂತುಗಳು ಎಳೆ ಎಳೆಯಾಗಿ ಗಂಟುಗಟ್ಟಿದ್ದರೆ ಪ್ರೊಫೇಸ್. ನಡುವಿನಲ್ಲಿ ಸಾಲಾಗಿ ನಿಂತಿದ್ದರೆ ಮೆಟಾಫೇಸ್. ಈರುಳ್ಳಿಗೆ 16 ವರ್ಣತಂತು, ಪ್ರತಿಯೊಂದಕ್ಕೂ ಎರಡು ಕ್ರೊಮ್ಯಾಟಿಡ್, ಅಂದರೆ ಅಂಟಿಕೊಂಡ ಜೋಡಿ ಎಳೆ. ಇಲ್ಲಿ 32 ಅಂತ ಬರೆದು ಅಂಕ ಕಳೆದುಕೊಳ್ಳುವವರಿದ್ದಾರೆ. ಕ್ರೊಮ್ಯಾಟಿಡ್‌ಗಳು ಬೇರೆಯಾಗಿ ಎರಡೂ ಕಡೆಗೆ ಹೊರಟಾಗ, ಅಂದರೆ ಅನಾಫೇಸ್‌ನಲ್ಲಿ ಮಾತ್ರ, ಒಂದೇ ಕೋಶದೊಳಗೆ 32 ಎಣಿಸಬಹುದು, ಒಂದೊಂದು ಕಡೆಗೆ 16. ಈ ಹಂತ ಬೇಗ ಮುಗಿಯುತ್ತದೆ, ಹಾಗಾಗಿ ಸ್ಲೈಡಿನಲ್ಲೂ ಅಪರೂಪ. ಟೀಲೋಫೇಸ್‌ನಲ್ಲಿ ಎರಡು ನ್ಯೂಕ್ಲಿಯಸ್‌ಗಳ ನಡುವೆ ಸಣ್ಣ ಗೆರೆ ಹುಡುಕಿ. ಅದು ಕೋಶಫಲಕ, ಮಧ್ಯದಲ್ಲಿ ಶುರುವಾಗಿ ಅಂಚಿನ ಕಡೆಗೆ ಬೆಳೆಯುತ್ತದೆ. ಪ್ರಾಣಿಕೋಶವಾದರೆ ಹೊರಗಿನಿಂದ ಒಳಕ್ಕೆ ಕಿರಿದಾಗಿ ಎರಡಾಗುತ್ತದೆ.

ಬೇರೆ ಬೇರೆ ಜಾಗದಲ್ಲಿ ಒಟ್ಟು 200 ಕೋಶ ಎಣಿಸಿ, ಯಾವ ಹಂತದಲ್ಲಿ ಎಷ್ಟು ಅಂತ ಬರೆದುಕೊಳ್ಳಿ. ಯಾವ ಹಂತ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಂದಾಜು ಅದರಿಂದಲೇ ಸಿಗುತ್ತದೆ. ಎಣಿಕೆ ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದರೆ ಕವರ್‌ಸ್ಲಿಪ್ಪಿನ ಅಂಚಿಗೆ ನೇಲ್ ಪಾಲಿಶ್ ಹಚ್ಚಿ, ಸ್ಲೈಡ್ ಬೇಗ ಒಣಗುವುದಿಲ್ಲ.