ಕೀ ಸರಿಯಿದ್ದರೂ 403: ಲೋಡ್ ಆಗದ ಮ್ಯಾಪ್‌ನ ಬೆನ್ನುಹತ್ತಿ

‘ಮ್ಯಾಪ್ ಬರ್ತಿಲ್ಲ’ ಎಂಬ ದೂರು ಬಂದರೆ ಕೋಡ್ ತೆರೆಯುವ ಮೊದಲು ನಾನು ಸ್ಕ್ರೀನ್‌ಶಾಟ್ ಕೇಳುತ್ತೇನೆ. ಮ್ಯಾಪ್ ಬರದೇ ಇರುವುದರಲ್ಲೂ ಬಗೆಗಳಿವೆ. ಮ್ಯಾಪ್‌ಗೆ ಜಾಗವೇ ಇಲ್ಲದಂತೆ ಪುಟ ಮುಂದುವರಿದಿದ್ದರೆ ಒಂದು ಕಥೆ. ಬೂದು ಬಣ್ಣದ ಚೌಕದ ಮೇಲೆ ಪ್ಲಸ್, ಮೈನಸ್ ಬಟನ್‌ಗಳು ಕಂಡರೆ ಬೇರೆಯೇ ಕಥೆ. ಎಡ ಮೇಲ್ಮೂಲೆಯಲ್ಲಿ ಒಂದೆರಡು ಟೈಲ್ (ಜೋಡಿಸಿದರೆ ಮ್ಯಾಪ್ ಆಗುವ ಚೌಕ ಚಿತ್ರಗಳು) ಬಂದು ಉಳಿದದ್ದೆಲ್ಲ ಖಾಲಿಯಿದ್ದರೆ ಇನ್ನೊಂದು. ದೂರು ಕೊಟ್ಟವರಿಗೆ ಇವೆಲ್ಲ ಒಂದೇ. ನಮಗೆ ಮಾತ್ರ ಆ ಚಿತ್ರದಲ್ಲೇ ಅರ್ಧ ಉತ್ತರ ಇರುತ್ತದೆ.

ನಾನು ಹೆಚ್ಚು ತಲೆಕೆಡಿಸಿಕೊಂಡದ್ದು ಎರಡನೇ ಬಗೆಯದಕ್ಕೆ. ರಿಪೇರಿಗೆ ಹೋದ ತಂತ್ರಜ್ಞರು ಎಲ್ಲಿದ್ದಾರೆಂದು ತೋರಿಸುವ ಅಪ್ಲಿಕೇಶನ್ ಅದು. ಮುಂಭಾಗದಲ್ಲಿ ಲೀಫ್‌ಲೆಟ್ ಎಂಬ ಮ್ಯಾಪ್ ಲೈಬ್ರರಿ, ಟೈಲ್‌ಗಳು ಕೀ (ನಮ್ಮ ಖಾತೆಯನ್ನು ಗುರುತಿಸುವ ಅಕ್ಷರಗಳ ಸಾಲು) ಕೊಟ್ಟು ಪಡೆಯುವ ಒಂದು ಸೇವೆಯಿಂದ. ನಮ್ಮ ಕಂಪ್ಯೂಟರ್‌ಗಳಲ್ಲಿ ಎಲ್ಲವೂ ಸರಿ, ಸರ್ವರ್‌ಗೆ ಏರಿಸಿದ ಮೇಲೆ ಬರೀ ಬೂದು. ಆದರೆ ಆ ಬೂದಿನ ಮೇಲೆ ಮಾರ್ಕರ್‌ಗಳಿದ್ದವು, ಒಂದಕ್ಕೊಂದು ಇರಬೇಕಾದ ಅಂತರದಲ್ಲೇ ಇದ್ದವು. ಜ಼ೂಮ್ ಮಾಡಿದರೆ ದೂರ ಸರಿಯುತ್ತಿದ್ದವು. ಅಂದರೆ ಲೈಬ್ರರಿ ಬಂದಿದೆ, ಸಿಎಸ್‌ಎಸ್ ಬಂದಿದೆ, ಡೇಟಾ ಬಂದಿದೆ, ಮ್ಯಾಪ್ ಕೂರುವ ಡಿವ್‌ಗೆ (ಪುಟದ ಚೌಕಟ್ಟಿಗೆ) ಎತ್ತರವೂ ಇದೆ. ಬರದಿರುವುದು ಹಿನ್ನೆಲೆಯ ಚಿತ್ರ ಮಾತ್ರ. ಇಷ್ಟು ತಿಳಿದರೆ ಜಾವಾಸ್ಕ್ರಿಪ್ಟ್ ಕಡೆ ತಲೆ ಹಾಕುವ ಅಗತ್ಯವಿಲ್ಲ, ನೇರ ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿರುವ ನೆಟ್‌ವರ್ಕ್ ಟ್ಯಾಬ್‌ಗೆ ಹೋಗಬಹುದು.

ಅಲ್ಲಿ ಸಾಲುಸಾಲಾಗಿ 403, ಅಂದರೆ ‘ಅನುಮತಿಯಿಲ್ಲ’ ಎಂಬ ಸರ್ವರ್‌ನ ಉತ್ತರ. ಪ್ರತಿ ಟೈಲ್ 256 ಪಿಕ್ಸೆಲ್ ಉದ್ದಗಲದ ಒಂದು ಚಿತ್ರ. ಅದರ ವಿಳಾಸದಲ್ಲಿ ಜ಼ೂಮ್, ಅಡ್ಡ ಸಂಖ್ಯೆ, ಉದ್ದ ಸಂಖ್ಯೆ, ಕೊನೆಗೆ ಕೀ. ವಿಳಾಸಗಳು ನಮ್ಮಲ್ಲಿ ಕೆಲಸ ಮಾಡುತ್ತಿದ್ದವುಗಳ ಹಾಗೇ ಇದ್ದವು, ಕೀ ಅಕ್ಷರಕ್ಕೆ ಅಕ್ಷರ ಅದೇ. 403 ಕಂಡ ತಕ್ಷಣ ಎಲ್ಲರ ಕಣ್ಣು ಕೀ ಮೇಲೆ ಬೀಳುವುದು ಸಹಜ. ಸಹೋದ್ಯೋಗಿ ಹೊಸ ಕೀ ಪಡೆದು ಹಾಕಿದರು, ಫಲಿತಾಂಶ ಬದಲಾಗಲಿಲ್ಲ. ಕೀಗೆ ಹಾಕಿದ್ದ ಡೊಮೇನ್ ನಿರ್ಬಂಧ ನೋಡಿದೆವು, ನಮ್ಮ ಡೊಮೇನ್ ಪಟ್ಟಿಯಲ್ಲಿತ್ತು. ನಿರ್ಬಂಧವನ್ನು ಪೂರ್ತಿ ತೆಗೆದು ನೋಡಿದಾಗ ಮ್ಯಾಪ್ ಬಂತು!

ಇಲ್ಲಿಗೇ ನಿಲ್ಲಿಸುವವರನ್ನು ಬಹಳ ನೋಡಿದ್ದೇನೆ. ‘ನಿರ್ಬಂಧ ತೆಗೆದರೆ ಬರುತ್ತೆ, ತೆಗೆದುಬಿಡಿ’ ಎನ್ನುತ್ತಾರೆ. ಬ್ರೌಸರ್‌ನಲ್ಲಿ ಓಡುವ ಮ್ಯಾಪ್‌ನ ಕೀಯನ್ನು ಮುಚ್ಚಿಡಲು ಆಗುವುದಿಲ್ಲ, ಪುಟ ತೆರೆದ ಯಾರಿಗಾದರೂ ಅದು ಕಾಣುತ್ತದೆ. ಅದಕ್ಕಿರುವ ಬೇಲಿ ಈ ಡೊಮೇನ್ ನಿರ್ಬಂಧವೊಂದೇ. ಅದೂ ಎತ್ತರದ ಬೇಲಿಯೇನಲ್ಲ, ಆದರೆ ಕಿತ್ತುಹಾಕಿದರೆ ಬೇರೆಯವರ ಬಳಕೆಯ ಬಿಲ್ಲು ನಮ್ಮ ಹೆಸರಿಗೆ ಬರುತ್ತದೆ. ಹಾಗಾಗಿ ಅದನ್ನು ಮತ್ತೆ ಹಾಕಿ, ಡೊಮೇನ್ ಪಟ್ಟಿಯಲ್ಲಿದ್ದರೂ ಸೇವೆ ಏಕೆ ನಿರಾಕರಿಸುತ್ತಿದೆ ಎಂದು ಹುಡುಕಿದೆವು.

ವಿನಂತಿ ಯಾವ ಸೈಟಿನಿಂದ ಬಂತೆಂದು ಸೇವೆಗೆ ತಿಳಿಯುವುದು ವಿನಂತಿಯ ಜೊತೆ ಹೋಗುವ ರೆಫರರ್ ಹೆಡರ್ ಎಂಬ ಸಾಲಿನಿಂದ. ನಮ್ಮ ಕಂಪ್ಯೂಟರ್‌ನಲ್ಲಿ ಒಂದು ಟೈಲ್ ವಿನಂತಿಯನ್ನು ಬಿಡಿಸಿ ನೋಡಿದೆ: ರೆಫರರ್ ಇತ್ತು, ಅದರಲ್ಲಿ ಲೋಕಲ್‌ಹೋಸ್ಟ್ ವಿಳಾಸ. ಸರ್ವರ್‌ನಲ್ಲಿ ತೆರೆದ ಪುಟದಿಂದ ಹೋದ ವಿನಂತಿಯಲ್ಲಿ ಆ ಸಾಲೇ ಇರಲಿಲ್ಲ. ಖಚಿತಪಡಿಸಿಕೊಳ್ಳಲು ಟರ್ಮಿನಲ್‌ನಲ್ಲಿ ವಿನಂತಿ ಕಳಿಸುವ ಕರ್ಲ್ ಎಂಬ ಸಾಧನ ಬಳಸಿ ಅದೇ ಟೈಲನ್ನು ಎರಡು ರೀತಿ ಕೇಳಿದೆ. ರೆಫರರ್ ಸೇರಿಸಿದಾಗ 200 (ಎಲ್ಲ ಸರಿ), ಬಿಟ್ಟಾಗ 403. ಟೈಲ್ ವಿಳಾಸವನ್ನು ಹೊಸ ಟ್ಯಾಬಿನಲ್ಲಿ ಅಂಟಿಸಿ ಪರೀಕ್ಷಿಸುವ ಅಭ್ಯಾಸ ಹಲವರಿಗಿದೆ. ಇಂಥ ಕಡೆ ಅದು ದಾರಿ ತಪ್ಪಿಸುತ್ತದೆ, ಏಕೆಂದರೆ ಹಾಗೆ ತೆರೆದಾಗಲೂ ರೆಫರರ್ ಹೋಗುವುದಿಲ್ಲ.

ರೆಫರರ್ ನುಂಗಿದ್ದು ನಮ್ಮದೇ ಬ್ಯಾಕ್‌ಎಂಡ್. ಅಭಿವೃದ್ಧಿಯ ವೇಳೆ ಎಚ್‌ಟಿಎಂಎಲ್ ಬರುತ್ತಿದ್ದುದು ಫ್ರಂಟ್‌ಎಂಡ್‌ನ ಡೆವ್ ಸರ್ವರ್‌ನಿಂದ, ಅದು ಯಾವ ಭದ್ರತಾ ಹೆಡರನ್ನೂ ಸೇರಿಸುವುದಿಲ್ಲ. ನಿಜವಾದ ಸರ್ವರ್‌ನಲ್ಲಿ ಅದೇ ಎಚ್‌ಟಿಎಂಎಲ್ ಬ್ಯಾಕ್‌ಎಂಡ್ ಮೂಲಕ ಹೊರಡುತ್ತಿತ್ತು, ಜೊತೆಗೆ ರೆಫರರ್ ಯಾರಿಗೆ ಎಷ್ಟು ಹೋಗಬೇಕೆಂದು ಬ್ರೌಸರ್‌ಗೆ ಹೇಳುವ ರೆಫರರ್ ಪಾಲಿಸಿ ಹೆಡರ್ ಕೂಡ. ಇದು ಯಾರೋ ಕೈಯಾರೆ ಬರೆದ ಸಾಲಲ್ಲ, ಫ್ರೇಮ್‌ವರ್ಕ್‌ಗಳ ಡೀಫಾಲ್ಟ್. ಪೈಥಾನ್‌ನ ಫ್ರೇಮ್‌ವರ್ಕ್ ಜ್ಯಾಂಗೋದಲ್ಲಿ 2020ರ 3.1 ಆವೃತ್ತಿಯಿಂದ ಇದರ ಡೀಫಾಲ್ಟ್ ‘ಸೇಮ್-ಒರಿಜಿನ್’, ಅಂದರೆ ಬೇರೆ ಡೊಮೇನ್‌ಗೆ ರೆಫರರ್ ಇಲ್ಲ. ನೋಡ್‌ನಲ್ಲಿ ಭದ್ರತಾ ಹೆಡರ್‌ಗಳನ್ನು ಸೇರಿಸುವ ಹೆಲ್ಮೆಟ್ ಪ್ಯಾಕೇಜ್ ಹಾಕಿದರೆ ‘ನೋ-ರೆಫರರ್’, ಅಂದರೆ ಯಾರಿಗೂ ಇಲ್ಲ. ಹಾಗೆ ನೋಡಿದರೆ ಅವು ತಪ್ಪೂ ಅಲ್ಲ, ಆದರೆ ಮ್ಯಾಪ್ ಇರುವ ಪುಟಕ್ಕೆ ಹೊಂದುವುದಿಲ್ಲ. ಕೀ ಬೇಡದ ಓಪನ್‌ಸ್ಟ್ರೀಟ್‌ಮ್ಯಾಪ್ ಟೈಲ್‌ಗಳನ್ನು ಬಳಸುವವರಿಗೂ ಇದು ಅನ್ವಯ. ದಾನದ ಬಲದಿಂದ ನಡೆಯುವ ಆ ಸರ್ವರ್‌ಗಳ ಬಳಕೆ ನಿಯಮದಲ್ಲೂ ಸರಿಯಾದ ರೆಫರರ್ ಇರಬೇಕೆಂದಿದೆ.

ಪರಿಹಾರ ಒಂದು ಸಾಲಿನದು: ಪಾಲಿಸಿಯನ್ನು ‘ಸ್ಟ್ರಿಕ್ಟ್-ಒರಿಜಿನ್-ವೆನ್-ಕ್ರಾಸ್-ಒರಿಜಿನ್’ ಎಂದು ಬದಲಾಯಿಸುವುದು. ಭದ್ರತೆ ನೋಡಿಕೊಳ್ಳುವವರು ಒಪ್ಪಲು ಸ್ವಲ್ಪ ಹಿಂದೆಮುಂದೆ ನೋಡಿದರು. ನಮ್ಮ ಪುಟದ ವಿಳಾಸದಲ್ಲಿ ಗ್ರಾಹಕರ ದೂರು ಸಂಖ್ಯೆ ಇರುತ್ತದೆ, ಅದು ಹೊರಗೆ ಹೋಗಬಾರದೆಂಬುದು ಅವರ ಚಿಂತೆ. ನ್ಯಾಯವಾದ ಚಿಂತೆಯೇ. ಆದರೆ ಈ ಪಾಲಿಸಿಯಲ್ಲಿ ಹೊರಗಿನವರಿಗೆ ಹೋಗುವುದು ಡೊಮೇನ್ ಮಾತ್ರ, ಅದರ ಮುಂದಿನ ದಾರಿ ಹೋಗುವುದಿಲ್ಲ. ಈಗಿನ ಬ್ರೌಸರ್‌ಗಳ ಡೀಫಾಲ್ಟ್ ಕೂಡ ಇದೇ. ಹೆಡರ್ ಮುಟ್ಟಲು ಅನುಮತಿ ಸಿಗದವರಿಗೆ ಇನ್ನೊಂದು ದಾರಿಯಿದೆ: ಲೀಫ್‌ಲೆಟ್ 1.9ರಿಂದ ಟೈಲ್ ಲೇಯರ್‌ಗೇ ರೆಫರರ್ ಪಾಲಿಸಿ ಕೊಡುವ ಆಯ್ಕೆ ಬಂದಿದೆ. ಅದು ಪ್ರತಿ ಚಿತ್ರದ ಟ್ಯಾಗ್‌ನಲ್ಲಿ ಕೂರುತ್ತದೆ, ಪುಟದ ಪಾಲಿಸಿಗಿಂತ ಅದರ ಮಾತೇ ನಡೆಯುತ್ತದೆ.

ಬದಲಾವಣೆ ಏರಿಸಿದ ಮೇಲೂ ಕೆಲವರಿಗೆ ಬೂದು ಹೋಗಲಿಲ್ಲ. ಅದೇ ಬ್ರೌಸರ್‌ನ ಖಾಸಗಿ ವಿಂಡೋದಲ್ಲಿ ಸರಿ, ಸಾಮಾನ್ಯ ವಿಂಡೋದಲ್ಲಿ ಇಲ್ಲ. ಆಫ್‌ಲೈನ್ ಬಳಕೆಗೆಂದು ಹಾಕಿದ್ದ ಸರ್ವಿಸ್ ವರ್ಕರ್ (ಬ್ರೌಸರ್‌ನ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ಹಳೆಯ ಎಚ್‌ಟಿಎಂಎಲ್ ಅನ್ನು ಕ್ಯಾಶ್‌ನಿಂದ ಕೊಡುತ್ತಿತ್ತು, ಜೊತೆಗೆ ಅದರ ಹಳೆಯ ಹೆಡರ್‌ಗಳನ್ನೂ. ಹೆಡರ್ ಕೂಡ ಕ್ಯಾಶ್ ಆಗುತ್ತದೆಂಬುದು ಸುಲಭಕ್ಕೆ ಹೊಳೆಯುವುದಿಲ್ಲ. ಕ್ಯಾಶ್‌ನ ಹೆಸರಿನ ಆವೃತ್ತಿ ಬದಲಿಸಿ ಹಳೆಯದನ್ನು ಅಳಿಸಿದ ಮೇಲೆ ಎಲ್ಲರಿಗೂ ಮ್ಯಾಪ್ ಬಂತು.

ಇದೇ ಹೆಡರ್‌ಗಳ ಸಾಲಿನಲ್ಲಿ, ಪುಟ ಎಲ್ಲಿಂದ ಏನನ್ನು ತರಬಹುದೆಂದು ಹೇಳುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯೂ ಕಾಡಿಸುತ್ತದೆ, ಆದರೆ ಅದು ಪ್ರಾಮಾಣಿಕ. ಏನನ್ನು ತಡೆದೆ, ಯಾವ ನಿಯಮದಿಂದ ತಡೆದೆ ಎಂದು ಕನ್ಸೋಲ್‌ನಲ್ಲಿ ಕೆಂಪಕ್ಷರದಲ್ಲಿ ಹೇಳಿಬಿಡುತ್ತದೆ. ಚಿತ್ರ ರೂಪದ ಟೈಲ್‌ಗಳಿಗೆ ಇಮೇಜ್ ನಿಯಮದಲ್ಲಿ ಸೇವೆಯ ಡೊಮೇನ್ ಸೇರಿಸಿದರೆ ಸಾಕು. ಚಿತ್ರದ ಬದಲು ಡೇಟಾ ತಂದು ಬ್ರೌಸರ್‌ನಲ್ಲೇ ಬಿಡಿಸುವ ಮ್ಯಾಪ್‌ಲಿಬ್ರೆಯಂಥ ವೆಕ್ಟರ್ ಮ್ಯಾಪ್‌ಗೆ ಅಷ್ಟು ಸಾಲದು. ಅದು ಟೈಲ್‌ಗಳನ್ನು ಜಾವಾಸ್ಕ್ರಿಪ್ಟ್‌ನ ಫೆಚ್ ಮೂಲಕ ತರುತ್ತದೆ, ಹಿನ್ನೆಲೆಯಲ್ಲಿ ವರ್ಕರ್ ಓಡಿಸುತ್ತದೆ. ಹಾಗಾಗಿ ಕನೆಕ್ಟ್ ನಿಯಮಕ್ಕೂ ವರ್ಕರ್ ನಿಯಮಕ್ಕೂ ಕೈ ಹಾಕಬೇಕು.

ಉಳಿದ ಬಗೆಗಳಲ್ಲಿ ಪದೇಪದೇ ಎದುರಾಗುವುದು ಎತ್ತರ. ಡಿವ್‌ಗೆ 100 ಪ್ರತಿಶತ ಎತ್ತರ ಕೊಟ್ಟು ಅದರ ಪೋಷಕ ಡಿವ್‌ಗೆ ಏನೂ ಕೊಡದಿದ್ದರೆ ಮ್ಯಾಪ್ ಸೊನ್ನೆ ಪಿಕ್ಸೆಲ್‌ನಲ್ಲಿ ಮುದುಡಿಕೊಳ್ಳುತ್ತದೆ. ಕನ್ಸೋಲ್‌ನಲ್ಲಿ ಒಂದಕ್ಷರ ದೋಷವೂ ಇರುವುದಿಲ್ಲ, ಇನ್ಸ್‌ಪೆಕ್ಟರ್‌ನಲ್ಲಿ ಡಿವ್ ಮೇಲೆ ಮೌಸ್ ಇಟ್ಟರೆ ಗೊತ್ತಾಗುತ್ತದೆ. ಟೈಲ್‌ಗಳು ಚೆಲ್ಲಾಪಿಲ್ಲಿಯಾಗಿ ಪುಟದ ತುಂಬ ಹರಡಿದ್ದರೆ ಲೀಫ್‌ಲೆಟ್‌ನ ಸಿಎಸ್‌ಎಸ್ ಬಂದಿಲ್ಲ, ಬೇರೇನೂ ಹುಡುಕಬೇಡಿ.

ಮೂಲೆಯಲ್ಲಿ ಮಾತ್ರ ಟೈಲ್ ಬರುವುದು, ಮ್ಯಾಪ್ ಮರೆಯಾಗಿದ್ದ ಟ್ಯಾಬಿನಲ್ಲೋ ಪಾಪ್‌ಅಪ್‌ನಲ್ಲೋ ಹುಟ್ಟಿದಾಗ. ಹುಟ್ಟುವಾಗ ಅಳತೆ ಸಿಕ್ಕಿರುವುದಿಲ್ಲ, ತೆರೆದ ಮೇಲೆ ಯಾರೂ ಅದಕ್ಕೆ ಹೇಳಿರುವುದಿಲ್ಲ. ಮತ್ತೆ ಅಳತೆ ತೆಗೆಯಲು ಹೇಳುವ ಲೀಫ್‌ಲೆಟ್‌ನ ಇನ್‌ವ್ಯಾಲಿಡೇಟ್‌ಸೈಜ್ ಕರೆದರೆ ಸರಿಹೋಗುತ್ತದೆ. ಅದನ್ನು ಸೆಟ್‌ಟೈಮ್‌ಔಟ್‌ನಲ್ಲಿ ಇಷ್ಟು ಮಿಲಿಸೆಕೆಂಡ್ ಎಂದು ಅಂದಾಜಿಗೆ ಇಡುವುದು ನನಗೆ ಹಿಡಿಸದು, ನಿಧಾನದ ಫೋನಿನಲ್ಲಿ ಅದು ಕೈಕೊಡುತ್ತದೆ. ರೀಸೈಜ್ ಅಬ್ಸರ್ವರ್ ಹಾಕಿ, ಡಿವ್‌ನ ಅಳತೆ ಬದಲಾದಾಗಲೆಲ್ಲ ಕರೆಯಿರಿ.

ಬರೀ ನೀಲಿ ಕಾಣುತ್ತಿದೆ ಎಂದರೆ ಮ್ಯಾಪ್ ಲೋಡ್ ಆಗಿದೆ, ಸಮುದ್ರದಲ್ಲಿದೆ ಅಷ್ಟೆ. ಸ್ಥಳ ಸಿಗದೆ ಸೊನ್ನೆ, ಸೊನ್ನೆ ಉಳಿದರೆ ಆಫ್ರಿಕಾದ ಪಕ್ಕದ ಗಿನಿ ಕೊಲ್ಲಿಗೆ ಹೋಗಿ ಕೂರುತ್ತದೆ. ಸ್ಥಳದ ಮಾಹಿತಿ ಬರೆಯುವ ಜಿಯೋಜೇಸನ್ ನಮೂನೆಯಲ್ಲಿ ರೇಖಾಂಶ ಮೊದಲು, ಲೀಫ್‌ಲೆಟ್‌ನಲ್ಲಿ ಅಕ್ಷಾಂಶ ಮೊದಲು. ಈ ಅದಲುಬದಲಿನಿಂದಲೂ ಹೀಗಾಗುತ್ತದೆ.

ತಂತ್ರಜ್ಞರನ್ನು ತೋರಿಸುವ ಆ ಅಪ್ಲಿಕೇಶನ್‌ಗೆ ಆಮೇಲೆ, ಟೈಲ್ ಬರದಿದ್ದಾಗ ತಿಳಿಸುವ ಟೈಲ್‌ಎರರ್ ಈವೆಂಟ್ ಸೇರಿಸಿದೆವು. ಒಂದೆರಡು ಟೈಲ್ ತಪ್ಪಿದರೆ ಸುಮ್ಮನಿರುತ್ತದೆ, ಒಂದೂ ಬರದಿದ್ದರೆ ‘ಹಿನ್ನೆಲೆ ಚಿತ್ರ ಸಿಗುತ್ತಿಲ್ಲ’ ಎಂದು ತೋರಿಸಿ ನಮ್ಮ ಲಾಗ್‌ಗೆ ಬರೆಯುತ್ತದೆ. ಆದರೆ ಟೈಲ್ ಬರುವುದು ಚಿತ್ರದ ಟ್ಯಾಗ್ ಮೂಲಕವಾದ್ದರಿಂದ ಬಂದದ್ದು 403ಓ 404ಓ (‘ಸಿಗಲಿಲ್ಲ’) ಎಂದು ಜಾವಾಸ್ಕ್ರಿಪ್ಟ್‌ಗೆ ತಿಳಿಯುವುದಿಲ್ಲ. ಅದಕ್ಕೆ ಸೋತ ಟೈಲ್‌ಗಳಲ್ಲಿ ಒಂದನ್ನು ಮಾತ್ರ ಫೆಚ್‌ನಿಂದ ಮತ್ತೆ ಕೇಳಿ ಸ್ಟೇಟಸ್ ದಾಖಲಿಸುತ್ತೇವೆ. ಟೈಲ್ ಸೇವೆ ದೋಷದ ಉತ್ತರಕ್ಕೂ ಸಿಒಆರ್‌ಎಸ್ ಹೆಡರ್ (ಬೇರೆ ಡೊಮೇನಿನ ಪುಟ ಉತ್ತರವನ್ನು ಓದಲು ಕೊಡುವ ಅನುಮತಿ) ಕಳಿಸಿದರೆ ಮಾತ್ರ ಇದು ನಡೆಯುತ್ತದೆ, ನಾವು ಬಳಸುವುದು ಕಳಿಸುತ್ತದೆ.