ತುತ್ತು ಎಣಿಸುವುದು ಬಿಡಿ, ತೂಕದ ಗೆರೆ ನೋಡಿ

ದಾವಣಗೆರೆಯ ನಮ್ಮ ಓಣಿಯಲ್ಲಿ ರಾತ್ರಿ ಎಂಟಾದರೆ ಯಾವುದಾದರೊಂದು ಮನೆಯಿಂದ ಈ ಮಾತು ಕೇಳಿಸುತ್ತದೆ: ‘ಇದೊಂದು ತುತ್ತು ಉಣ್ಣು ನಮ್ಮಪ್ಪ, ಕಾಗಿ ಬಂತು ನೋಡು.’ ನಾನೂ ಹಾಗೆ ಉಣಿಸಿದವಳೇ. ಮೊಬೈಲ್ ತೋರಿಸುತ್ತಾ ತುರುಕಿದ ಅನ್ನವನ್ನು ಮಗ ನುಂಗದೆ, ಗಲ್ಲದಲ್ಲೇ ಇಟ್ಟುಕೊಂಡು ನಿದ್ದೆ ಹೋಗಿದ್ದ. ಬೆರಳು ಹಾಕಿ ಅದನ್ನು ಹೊರತೆಗೆಯುವಾಗ ನನ್ನ ಕೈ ನಡುಗುತ್ತಿತ್ತು. ಮರುದಿನದಿಂದ ನಮ್ಮ ಮನೆಯ ಊಟದ ಕ್ರಮವನ್ನೇ ಬದಲಿಸಿದೆವು.

ಮೊದಲು ಅಂಗನವಾಡಿಗೆ ಹೋಗಿ ತೂಕ ಮಾಡಿಸಿ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ನಕ್ಷೆ ಇರುತ್ತದೆ. ಗಂಡು ಮಕ್ಕಳಿಗೆ ಬೇರೆ, ಹೆಣ್ಣು ಮಕ್ಕಳಿಗೆ ಬೇರೆ. ಪ್ರತಿ ತಿಂಗಳು ಅದೇ ತಕ್ಕಡಿ, ತೆಳು ಬಟ್ಟೆ. ಚುಕ್ಕಿಗಳನ್ನು ಸೇರಿಸಿದ ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಪಕ್ಕದ ಮನೆಯ ಗುಂಡು ಕೂಸನ್ನು ನೋಡಿ ಕೊರಗಬೇಡಿ. ಹುಟ್ಟಿದ ಮೊದಲ ವರ್ಷ ಮಗು ಸುಮಾರು ಆರು ಕಿಲೋ ಏರುತ್ತದೆ. ಎರಡು ದಾಟಿದ ಮೇಲೆ ವರ್ಷಕ್ಕೆ ಎರಡೇ ಕಿಲೋ. ಬೆಳೆಯುವ ವೇಗ ಇಳಿದಂತೆ ಹಸಿವೂ ಇಳಿಯುತ್ತದೆ. ‘ಮೊದಲು ಚೆಂದ ಉಣ್ತಿತ್ತು, ಈಗ ಏನೂ ಮುಟ್ಟಲ್ಲ’ ಎಂಬ ಗೋಳಿನ ಮೂಲ ಬಹಳ ಮನೆಗಳಲ್ಲಿ ಇದೇ.

ಆದರೆ ಗೆರೆ ಎರಡು ಮೂರು ತಿಂಗಳು ಅಡ್ಡವಾಗಿ ನಿಂತರೆ, ಕೆಳಗಿಳಿದರೆ, ಅಥವಾ ಆರು ತಿಂಗಳು ತುಂಬಿದ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಮಕ್ಕಳ ವೈದ್ಯರ ಹತ್ತಿರ ಹೋಗಲೇಬೇಕು. 11.5ಕ್ಕಿಂತ ಕಡಿಮೆ ಎಂದರೆ ತೀವ್ರ ಅಪೌಷ್ಟಿಕತೆ. ಅದಕ್ಕೆ ಮನೆ ಮದ್ದು ಹುಡುಕುತ್ತಾ ಕೂರಬಾರದು.

ಆಮೇಲೆ ಮೂರು ದಿನ, ಮಗುವಿನ ಬಾಯಿಗೆ ಹೋದದ್ದನ್ನೆಲ್ಲ ಬರೆದಿಡಿ. ನನ್ನ ಪಟ್ಟಿ ನೋಡಿ ನನಗೇ ಗಾಬರಿಯಾಯಿತು. ಬೆಳಿಗ್ಗೆ ಒಂದು ಲೋಟ ಹಾಲು, ಹತ್ತಕ್ಕೆ ಬಿಸ್ಕತ್ತು, ಮಧ್ಯಾಹ್ನ ಮತ್ತೆ ಹಾಲು, ನಾಲ್ಕೂವರೆಗೆ ಅಜ್ಜಿಯ ಚಹಾದಲ್ಲಿ ಅದ್ದಿದ ಬ್ರೆಡ್ಡು, ಆರಕ್ಕೆ ಒಂದು ಬಟ್ಟಲು ಮಂಡಕ್ಕಿ, ಮಲಗುವಾಗ ಇನ್ನೊಂದು ಲೋಟ ಹಾಲು. ರಾತ್ರಿ ಊಟಕ್ಕೆ ಆ ಪುಟ್ಟ ಹೊಟ್ಟೆಯಲ್ಲಿ ಜಾಗ ಎಲ್ಲಿತ್ತು? ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ. ಹಾಲಿನಲ್ಲಿ ಕಬ್ಬಿಣದಂಶ ಇಲ್ಲವೆನ್ನುವಷ್ಟು ಕಡಿಮೆ. ಅದೇ ಹೊಟ್ಟೆ ತುಂಬಿಸಿದರೆ ರಕ್ತಹೀನತೆ ಬರುತ್ತದೆ. ಚಹಾ ಮಕ್ಕಳಿಗೆ ಬೇಡವೇ ಬೇಡ, ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತಲು ಅದು ಬಿಡುವುದಿಲ್ಲ.

ಮಂಡಕ್ಕಿ ಭಟ್ಟಿಗಳ ಊರು ನಮ್ಮದು, ಮಂಡಕ್ಕಿ ಬಿಡಿ ಎಂದು ನಾನು ಹೇಳಲಾರೆ. ಸಂಜೆ ಒಂದು ಹಿಡಿ ಮಂಡಕ್ಕಿಗೆ ಪುಟಾಣಿ ಪುಡಿ, ಶೇಂಗಾ ಪುಡಿ, ಟೊಮೆಟೊ, ನಾಲ್ಕು ಹನಿ ನಿಂಬೆರಸ ಹಾಕಿ ಕಲಸಿದರೆ ಅದೇ ಒಳ್ಳೆಯ ತಿಂಡಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ಹೊತ್ತು. ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ. ಉಳಿದ ಹೊತ್ತಿನಲ್ಲಿ ನೀರು ಮಾತ್ರ.

ಮಗುವಿಗೆಂದು ಬೇರೆ ಅಡುಗೆ ಬೇಡ. ಸಾರಿಗೆ ಖಾರ ಹಾಕುವ ಮೊದಲೇ ಅದರ ಪಾಲು ತೆಗೆದಿಡಿ. ಜೋಳದ ರೊಟ್ಟಿಯನ್ನು ಬೇಳೆ ಕಟ್ಟಿನಲ್ಲಿ ನೆನೆಸಿ ಹಿಸುಕಿದರೆ ಹಲ್ಲು ಪೂರ್ತಿ ಬರದ ಕೂಸೂ ಉಣ್ಣುತ್ತದೆ. ಚಿತ್ರದುರ್ಗದ ಕಡೆಯವರಿಗೆ ಮುದ್ದೆ, ಸೊಪ್ಪಿನ ಸಾರು ಇದ್ದೇ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇರುತ್ತದೆ. ತೂಕ ಕಡಿಮೆಯಿದ್ದರೆ ಪ್ರತಿ ಊಟಕ್ಕೂ ಒಂದು ಚಮಚ ತುಪ್ಪವೋ ಶೇಂಗಾ ಎಣ್ಣೆಯೋ ಹಾಕಿ, ತುತ್ತು ಹೆಚ್ಚಿಸದೆಯೇ ಸುಮಾರು 45 ಕ್ಯಾಲೊರಿ ಸೇರುತ್ತದೆ. ತೂಕ ಜಾಸ್ತಿಯಿದ್ದರೆ ಊಟ ಕಡಿತ ಮಾಡಬೇಡಿ, ಬೇಕರಿ ಪೊಟ್ಟಣ ಮನೆಗೆ ತರುವುದನ್ನು ನಿಲ್ಲಿಸಿ.

ಕಷ್ಟದ ಹೆಜ್ಜೆ ಮುಂದಿದೆ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎನ್ನುವುದು ನಮ್ಮದು. ಎಷ್ಟು ಉಣ್ಣಬೇಕು ಎನ್ನುವುದು ಮಗುವಿನದು. ಎಲ್ಲರೂ ಒಟ್ಟಿಗೆ ಕೂತು ಸ್ವಲ್ಪವೇ ಬಡಿಸಿ, ಟಿವಿ ಆರಿಸಿ. ಇಪ್ಪತ್ತೈದು ನಿಮಿಷವಾದ ಮೇಲೆ ಬೈಯದೆ ತಟ್ಟೆ ಎತ್ತಿಡಿ. ಹೊಸ ಪಲ್ಯವನ್ನು ಹತ್ತು ಸಲ ಕಂಡ ಮೇಲೆ ಮುಟ್ಟುವ ಮಕ್ಕಳಿದ್ದಾರೆ. ನನ್ನ ಮಗ ಹೀರೇಕಾಯಿಯನ್ನು ಬೆರಳಲ್ಲಿ ಒತ್ತಿ, ಮೂಸಿ, ಎರಡು ವಾರ ಹಾಗೇ ಬಿಟ್ಟಿದ್ದ. ಉಂಡರೆ ಚಾಕೊಲೇಟ್ ಎಂಬ ಆಸೆ ಹಚ್ಚಬೇಡಿ.

‘ಕೂಸನ್ನ ಹಸಿದ ಹೊಟ್ಟೇಲಿ ಮಲಗಿಸ್ತೀಯೇನವ್ವ?’ ಅಂದರು ನಮ್ಮತ್ತೆ. ‘ಒಂದು ವಾರ ನೋಡಾಣ ಅತ್ತೆ, ತೂಕ ಇಳಿದ್ರೆ ನೀವು ಹೇಳಿದಂಗೆ ಮಾಡ್ತೀನಿ’ ಅಂದೆ. ಅಂಗನವಾಡಿಗೆ ಅವರನ್ನೇ ಕರೆದುಕೊಂಡು ಹೋದೆ, ಗೆರೆಯನ್ನು ಅವರೇ ಬೆರಳಿಟ್ಟು ನೋಡಿದರು. ಮನೆಯ ಹಿರಿಯರು ಒಪ್ಪದೆ ಇದು ನಡೆಯುವುದಿಲ್ಲ.

ಜ್ವರ, ಭೇದಿ ಬಂದಾಗ ಮಾತ್ರ ಈ ಲೆಕ್ಕ ಪಕ್ಕಕ್ಕಿಡಿ. ಕೇಳಿದಾಗಲೆಲ್ಲ ಸ್ವಲ್ಪ ಸ್ವಲ್ಪ ಕೊಡಿ, ಎದೆಹಾಲು ಕುಡಿಯುವ ಕೂಸಿಗೆ ಅದನ್ನು ನಿಲ್ಲಿಸಬೇಡಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟು, ಮತ್ತೆ ತೂಕ ಹಾಕಿಸಿ.